ನಮ್ಮ ಕೊಬ್ಬರಿ, ನಮ್ಮ ಕೆರೆ

ಅರಸೀಕೆರೆ ಎಂದರೆ ಅರಸಿಯ ಕೆರೆ. ಹೊಯ್ಸಳರ ಕಾಲದ ಕೆರೆಯಿಂದಲೇ ಊರಿಗೆ ಈ ಹೆಸರು. ನಮ್ಮ ಕಣಕಟ್ಟೆಯ ಹೆಸರಲ್ಲೂ ಕಟ್ಟೆಯಿದೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಬೇಸಾಯಕ್ಕೆ ಕೆರೆಕಟ್ಟೆಗಳೇ ಆಧಾರವಾಗಿದ್ದವು.

1880ರ ದಶಕದಲ್ಲಿ ಬೆಂಗಳೂರು–ಹರಿಹರ ರೈಲು ಬಂದ ಮೇಲೆ ಸರಕು ದೂರ ಸಾಗಿಸುವುದು ಸುಲಭವಾಯಿತು. ತಿಪಟೂರು, ಅರಸೀಕೆರೆ ಮಾರುಕಟ್ಟೆಗಳ ಉಂಡೆ ಕೊಬ್ಬರಿಗೆ ಉತ್ತರ ಭಾರತವೇ ದೊಡ್ಡ ಗಿರಾಕಿ. ಆ ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ತಾನಾಗಿ ಒಣಗುತ್ತದೆ, ಕರೆಂಟ್ ಬೇಕಿಲ್ಲ. ಕಾಯಿಮಟ್ಟೆ ನಾರಿಗೆ, ಚಿಪ್ಪು ಒಲೆಗೆ, ಗರಿ ಚಪ್ಪರಕ್ಕೆ. ಯಾವುದೂ ದಂಡವಲ್ಲ.

ನೀರಿನ ಲೆಕ್ಕ ಮಾತ್ರ ತಪ್ಪಿತು. ಕೆರೆಯಲ್ಲಿ ಹೂಳು ತುಂಬಿತು, ತೋಟ ಬೋರ್‌ವೆಲ್ ನಂಬಿತು. ಬೋರು ಬತ್ತಿದಾಗ ಮರಗಳೂ ಒಣಗಿದವು.

ಕೊಬ್ಬರಿಗೆ ಬೆಂಬಲ ಬೆಲೆ ಕೇಳೋಣ. ಜೊತೆಗೆ ಕೆರೆಯ ಹೂಳೆತ್ತೋಣ, ಮರದ ಬುಡಕ್ಕೆ ಮಟ್ಟೆ ಹೊದಿಸಿ ತೇವ ಉಳಿಸೋಣ. ಮರ ಉಳಿದರೆ ತಾನೇ ಬೆಲೆಯ ಮಾತು?