ಪೆರಿಯಾರ್ ಹೊತ್ತ ಮಣ್ಣು

ಎರ್ಣಾಕುಲದ ದೋಣಿಕಟ್ಟೆಯಲ್ಲಿ ನಿಂತು ಮಳೆಗಾಲದ ಹಿನ್ನೀರನ್ನು ನೋಡಿದ ನಮ್ಮವರಿಗೆಲ್ಲ ಅದರ ಕೆಂಬಣ್ಣ ಪರಿಚಿತವೇ. ಅದು ಬೆಟ್ಟದ ಮಣ್ಣು. ನಮಗೆ ಅನ್ನವಿತ್ತ ಈ ಕೊಚ್ಚಿಯ ಇತಿಹಾಸವನ್ನು ಅರಸರೂ ವರ್ತಕರೂ ಮಾತ್ರವಲ್ಲ, ಆ ಮಣ್ಣೂ ಬರೆದಿದೆ.

ಪ್ರಾಚೀನ ಕಾಲದಲ್ಲಿ ಈ ತೀರದ ಹೆಸರಾಂತ ರೇವು ಕೊಚ್ಚಿಯಲ್ಲ. ಪೆರಿಯಾರ್ ನದಿಯ ಅಳಿವೆಯ ಬಳಿಯಿದ್ದ ಮುಜಿರಿಸ್. ಮೆಣಸಿಗಾಗಿ ರೋಮಿನ ವರ್ತಕರ ಹಡಗುಗಳು ಅಲ್ಲಿಗೆ ಬರುತ್ತಿದ್ದವು. 1341ರ ಮಹಾಪೂರವು ಕೊಡುಂಗಲ್ಲೂರಿನ ಅಳಿವೆಯಲ್ಲಿ ಹೂಳು ತುಂಬಿ, ಕೊಚ್ಚಿಯ ಬಾಗಿಲನ್ನು ತೆರೆಯಿತೆಂದು ಪರಂಪರೆ ಹೇಳುತ್ತದೆ. ವೈಪಿನ್ ದ್ವೀಪದವರು ಆ ವರ್ಷದಿಂದಲೇ ‘ಪುದುವೈಪ್ಪು’ ಶಕೆಯನ್ನು ಎಣಿಸಿದರು.

ನೆರೆಗೆ ಇಷ್ಟು ಬಲವೆಲ್ಲಿಯದು? ಹೊಳೆಯಲ್ಲಿ ನೀರು ಎರಡು ಪಾಲಾದರೆ, ಅದು ಹೊರುವ ಹೂಳು ಸಾಮಾನ್ಯವಾಗಿ ಅದಕ್ಕಿಂತ ಬಹಳ ಹೆಚ್ಚಾಗುತ್ತದೆ. ವರ್ಷದ ಹೂಳಿನ ದೊಡ್ಡ ಪಾಲು ನೆರೆಯ ಕೆಲವೇ ದಿನಗಳಲ್ಲಿ ಸಾಗಿಹೋಗುವುದುಂಟು. ಏರುನೆರೆಯ ನೀರು ಇಳಿನೆರೆಯದಕ್ಕಿಂತ ಅನೇಕ ಸಲ ಹೆಚ್ಚು ರಾಡಿ. ದಪ್ಪ ಮರಳು ತಳದ ಬಳಿ ಸಾಗಿದರೆ, ನುಣುಪು ಜೇಡಿ ಮೇಲಿನವರೆಗೂ ತೇಲುತ್ತದೆ. ಈ ಹಂಚಿಕೆಗೆ 1937ರಲ್ಲಿ ಅಮೆರಿಕದ ಹಂಟರ್ ರೌಸ್ ಸೂತ್ರವನ್ನಿತ್ತರು. ಅಳಿವೆಯ ಉಪ್ಪುನೀರು ತಾಗಿದೊಡನೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ.

1920ರಲ್ಲಿ ಕೊಚ್ಚಿಗೆ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯ ಮರಳುದಿಣ್ಣೆಯನ್ನು ಕಡಿಸಿ ಹಡಗಿಗೆ ದಾರಿ ಮಾಡಿದರು. ಅಗೆದ ಕೆಸರಿನಿಂದಲೇ ವಿಲಿಂಗ್ಡನ್ ದ್ವೀಪವೆದ್ದಿತು. ಆದರೂ ಹೂಳು ಸೋಲೊಪ್ಪಲಿಲ್ಲ. ಆ ದಾರಿಯನ್ನು ಇಂದಿಗೂ ತೋಡುತ್ತಲೇ ಇರಬೇಕು.

ಮುಂದಿನ ಹೂಳನ್ನು ಲೆಕ್ಕ ಹಾಕುವುದಾದರೂ ಹೇಗೆ? ಬೇರೆ ಬೇರೆ ಆಳದ ನೀರನ್ನು ಶೀಶೆಗಳಲ್ಲಿ ಹಿಡಿದು, ಸೋಸಿ, ಒಣಗಿಸಿ, ಮಣ್ಣನ್ನು ತೂಗಿ, ಹರಿವಿನೊಡನೆ ಹೋಲಿಸಬೇಕು. ಗಣಿತದ ಮಾದರಿಯು ಆಮೇಲಿನದು. ಶಾಂತ ದಿನಗಳಲ್ಲಿ ಮಾತ್ರ ಅಳೆದವನ ಲೆಕ್ಕ ನೆರೆಯ ದಿನ ತಪ್ಪುತ್ತದೆ. ನೆರೆಯ ದಿನವೋ, ಹೊಳೆಗೆ ಇಳಿಯುವುದೇ ಅಪಾಯ! 2018ರ ಆಗಸ್ಟಿನಲ್ಲಿ ಪೆರಿಯಾರ್ ಆಲುವಾಯನ್ನು ಮುಳುಗಿಸಿದಾಗ ನಾವೆಲ್ಲ ಇದನ್ನರಿತೆವು. ತಿರುವನಂತಪುರದ ಆಕ್ಕುಳದಲ್ಲಿರುವ ರಾಷ್ಟ್ರೀಯ ಭೂವಿಜ್ಞಾನ ಕೇಂದ್ರದಂಥ ಸಂಸ್ಥೆಗಳ ದುಡಿಮೆಯ ಬೆಲೆ ಅಂಥ ದಿನಗಳಲ್ಲೇ ತಿಳಿಯುವುದು.

ನಮ್ಮ ತೌರಿನ ಮಾತೂ ಇದೇ. ಸುಮಾರು 133 ಟಿ.ಎಂ.ಸಿ. ನೀರು ಹಿಡಿಯಲೆಂದು ಕಟ್ಟಿದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದ 105 ಟಿ.ಎಂ.ಸಿ.ಯ ಆಸುಪಾಸಿಗೆ ಇಳಿದಿದೆ. ಇಲ್ಲಿ ರೇವಿಗೆ ಕಂಟಕವಾದದ್ದು ಅಲ್ಲಿ ರೈತನ ನೀರಿಗೆ ಕಂಟಕ. ರಾಜ್ಯೋತ್ಸವದ ದಿನ ನಾಡಿನ ನದಿಗಳನ್ನು ಹಾಡಿ ಹೊಗಳುವ ನಾವು, ಅವು ಹೊತ್ತೊಯ್ಯುವ ಮಣ್ಣಿನ ಲೆಕ್ಕವನ್ನೂ ನಮ್ಮ ಮಕ್ಕಳಿಗೆ ಕಲಿಸೋಣ.