ಗರ್ಭಾಶಯದ ಸಂಕೋಚನಗಳ ಕುರಿತ ವೈದ್ಯಕೀಯ ಸಂಶೋಧನೆ

ಗರ್ಭಾಶಯದ ಗೋಡೆಯ ಸ್ನಾಯು ಬಿಗಿಯಾಗಿ ಮತ್ತೆ ಸಡಿಲಗೊಳ್ಳುವ ಕ್ರಿಯೆಯನ್ನು ಗರ್ಭಾಶಯದ ಸಂಕೋಚನ ಎನ್ನುತ್ತಾರೆ. ಹೆರಿಗೆ ಬೇನೆಯ ರೂಪದಲ್ಲಿ ಇದು ಎಲ್ಲರಿಗೂ ಪರಿಚಿತ. ಗರ್ಭವಿಲ್ಲದ ದಿನಗಳಲ್ಲಿಯೂ ಈ ಸ್ನಾಯು ಸುಮ್ಮನಿರುವುದಿಲ್ಲ. ವೈದ್ಯರ ದೃಷ್ಟಿಯಲ್ಲಿ ಈ ಚಲನೆ ಒಮ್ಮೆ ಬೇಡವಾದದ್ದು, ಇನ್ನೊಮ್ಮೆ ಬೇಕೇಬೇಕಾದದ್ದು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಭ್ರೂಣವನ್ನು ಒಳಗಿಡುವಾಗ ಗರ್ಭಾಶಯ ಶಾಂತವಾಗಿರಬೇಕು. ಮಗು ಹುಟ್ಟಿದ ಕೂಡಲೇ ಅದು ಗಟ್ಟಿಯಾಗಿ ಕುಗ್ಗದಿದ್ದರೆ ತಾಯಿಯ ಪ್ರಾಣಕ್ಕೇ ಅಪಾಯ. ಈ ಎರಡನೆಯ ವಿಷಯದಲ್ಲಿ ಕರ್ನಾಟಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಪ್ರಯೋಗವೊಂದು ಜಗತ್ತಿನ ಗಮನ ಸೆಳೆಯಿತು.

ಸಂತಾನ ಚಿಕಿತ್ಸೆಯಲ್ಲಿ

ಗರ್ಭವಿಲ್ಲದಾಗ ಉಂಟಾಗುವ ಸಂಕೋಚನಗಳು ಸಣ್ಣ ಅಲೆಗಳಂತಿರುತ್ತವೆ. ಅಂಡ ಬಿಡುಗಡೆಯ ಹೊತ್ತಿಗೆ ಅಲೆಗಳು ಗರ್ಭಕಂಠದಿಂದ ಮೇಲ್ಮುಖವಾಗಿ ಸಾಗಿ ವೀರ್ಯಾಣುಗಳ ಚಲನೆಗೆ ನೆರವಾಗುತ್ತವೆ. ಮುಟ್ಟಿನ ದಿನಗಳಲ್ಲಿ ಕೆಳಮುಖವಾಗಿರುತ್ತವೆ. ಅಂಡ ಬಿಡುಗಡೆಯ ಅನಂತರ ಪ್ರೊಜೆಸ್ಟರಾನ್ ಹಾರ್ಮೋನು ಇವನ್ನು ತಗ್ಗಿಸುತ್ತದೆ. ಭ್ರೂಣವನ್ನು ಒಳಗಿಡುವ ಹೊತ್ತಿನಲ್ಲಿ ಸಂಕೋಚನಗಳು ಹೆಚ್ಚಾಗಿದ್ದ ಮಹಿಳೆಯರಲ್ಲಿ ಗರ್ಭ ನಿಲ್ಲುವ ಪ್ರಮಾಣ ಕಡಿಮೆಯೆಂದು ಫ್ರಾನ್ಸಿನ ಸಂಶೋಧಕರು 1998ರಲ್ಲಿ ಅಲ್ಟ್ರಾಸೌಂಡ್ ಮೂಲಕ ತೋರಿಸಿದರು. ಹಾಗಾದರೆ ಔಷಧ ಕೊಟ್ಟು ಗರ್ಭಾಶಯವನ್ನು ಶಾಂತಗೊಳಿಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಆಕ್ಸಿಟೋಸಿನ್‌ನ ಪರಿಣಾಮವನ್ನು ತಡೆಯುವ ಅಟೊಸಿಬಾನ್ ಎಂಬ ಔಷಧವನ್ನು 800 ಮಹಿಳೆಯರ ಮೇಲೆ ಪರೀಕ್ಷಿಸಿದ ಏಷ್ಯಾದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಜೀವಂತ ಶಿಶು ಜನನದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ಈ ಔಷಧವನ್ನು ಎಲ್ಲರಿಗೂ ಕೊಡಲು ಆಧಾರ ಸಾಲದು.

ಹೆರಿಗೆಯಲ್ಲಿ

ಹೆರಿಗೆ ಬೇನೆಯ ಬಲವನ್ನು ಅಂಕಿಗಳಲ್ಲಿ ಹೇಳುವ ಕ್ರಮ ಉರುಗ್ವೆ ದೇಶದ್ದು. ರೊಬರ್ಟೊ ಕಾಲ್ದೆಯ್ರೊ ಬಾರ್ಸಿಯಾ ಮತ್ತು ಸಂಗಡಿಗರು ಗರ್ಭಾಶಯದೊಳಗಿನ ಒತ್ತಡವನ್ನು ಅಳೆದು ರೂಪಿಸಿದ ಮಾನಕ್ಕೆ ಅಲ್ಲಿನ ರಾಜಧಾನಿಯ ಹೆಸರಿನಿಂದ ಮಾಂಟೆವಿಡಿಯೊ ಮಾನ ಎಂದೇ ಹೆಸರು. ಬೇನೆಯನ್ನು ಹೆಚ್ಚಿಸುವ ಆಕ್ಸಿಟೋಸಿನ್ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ದು ವಿನ್ಯೊ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಮಗು ಹುಟ್ಟಿದ ಮೇಲೂ ಸಂಕೋಚನದ ಕೆಲಸ ಮುಗಿಯುವುದಿಲ್ಲ. ದಿನ ತುಂಬಿದ ಗರ್ಭಾಶಯಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಬೇರ್ಪಟ್ಟಾಗ ಅಲ್ಲಿನ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತದೆ. ಅವನ್ನು ಸುತ್ತಿಕೊಂಡಿರುವ ಸ್ನಾಯುವಿನ ಎಳೆಗಳು ಬಿಗಿದುಕೊಂಡಾಗ ಮಾತ್ರ ರಕ್ತ ನಿಲ್ಲುತ್ತದೆ. ಗರ್ಭಾಶಯ ಸಡಿಲವಾಗಿಯೇ ಉಳಿದರೆ ಬಾಣಂತಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಮೊದಲೇ ರಕ್ತಹೀನತೆಯಿರುವವರಿಗೆ ಅಪಾಯ ಇನ್ನೂ ಹೆಚ್ಚು.

ಬೆಳಗಾವಿಯ ಪ್ರಯೋಗ

ಇದನ್ನು ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಉತ್ತಮವೆಂಬುದು ಗೊತ್ತಿದ್ದ ಸಂಗತಿಯೇ. ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲವರು ಬೇಕು. ಹಳ್ಳಿಯ ಮನೆಯಲ್ಲಿ ನಡೆಯುವ ಹೆರಿಗೆಗೆ ಇವೆರಡೂ ದುರ್ಲಭ. ಬಿಸಿಲಿನಲ್ಲೂ ಕೆಡದ, ಬಾಯಿಯಲ್ಲಿ ನುಂಗಬಹುದಾದ, ಮೂಲತಃ ಹೊಟ್ಟೆಹುಣ್ಣಿಗೆಂದು ಬಂದ ಮಿಸೊಪ್ರೊಸ್ಟಾಲ್ ಮಾತ್ರೆ ಆ ಕೆಲಸ ಮಾಡೀತೇ ಎಂಬುದನ್ನು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಂದಿಗೆ 2002ರಿಂದ 2005ರವರೆಗೆ ಪರೀಕ್ಷಿಸಿದರು.

ಪಾಲ್ಗೊಂಡವರು 1,620 ಮಹಿಳೆಯರು. ಹೆರಿಗೆ ಮಾಡಿಸಿದವರು ವೈದ್ಯರಲ್ಲ, ಊರೂರಿನ ಆರೋಗ್ಯ ಸಹಾಯಕಿಯರು. ಸ್ಥಳ ಮನೆ ಅಥವಾ ಉಪಕೇಂದ್ರ. ಮಗು ಹುಟ್ಟಿದ ಕೂಡಲೇ 812 ಮಂದಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ಅದರಂತೆಯೇ ಕಾಣುವ ಔಷಧರಹಿತ ಮಾತ್ರೆ ನೀಡಲಾಯಿತು. ಯಾರಿಗೆ ಯಾವುದೆಂದು ಕೊಟ್ಟವರಿಗೂ ತಿಳಿದಿರಲಿಲ್ಲ. ರಕ್ತದ ಪ್ರಮಾಣವನ್ನು ಕಣ್ಣಂದಾಜಿಗೆ ಬಿಡದೆ, ಬಾಣಂತಿಯ ಕೆಳಗೆ ಹಾಸುವ ಅಳತೆಗೆರೆಗಳುಳ್ಳ ಪ್ಲಾಸ್ಟಿಕ್ ಹಾಳೆಯಿಂದ ಅಳೆಯಲಾಯಿತು. ಕಣ್ಣಂದಾಜು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ಇರುತ್ತದಾದ್ದರಿಂದ, ಈ ಸರಳ ಹಾಳೆಯ ಮಹತ್ವ ಮಾತ್ರೆಯ ಮಹತ್ವಕ್ಕಿಂತ ಕಡಿಮೆಯೇನಲ್ಲ.

500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತಸ್ರಾವವಾದವರು ಔಷಧರಹಿತ ಗುಂಪಿನಲ್ಲಿ ಶೇ. 12, ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ ಶೇ. 6.4. ಒಂದು ಲೀಟರ್ ಮುಟ್ಟಿದ ಅಥವಾ ಮೀರಿದ ತೀವ್ರ ಪ್ರಕರಣಗಳು ಶೇ. 1.2ರಿಂದ ಶೇ. 0.2ಕ್ಕೆ ಇಳಿದವು. ಅಂದರೆ 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬರ ಅತಿ ರಕ್ತಸ್ರಾವ ತಪ್ಪುತ್ತದೆ. ಚಳಿನಡುಕ ಮತ್ತು ಜ್ವರ ಹೆಚ್ಚಾಗಿ ಕಂಡುಬಂದರೂ ಅವು ತಾತ್ಕಾಲಿಕವಾಗಿದ್ದವು. ಫಲಿತಾಂಶವು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂಥ ಪ್ರಯೋಗದಲ್ಲಿ ಅರ್ಧದಷ್ಟು ತಾಯಂದಿರಿಗೆ ಔಷಧವಿಲ್ಲದ ಮಾತ್ರೆ ಕೊಡುವುದು ನ್ಯಾಯವೇ ಎಂಬ ಪ್ರಶ್ನೆ ಏಳುವುದು ಸಹಜ. ಆ ಕಾಲದ ಹಳ್ಳಿಯ ಮನೆ ಹೆರಿಗೆಗಳಲ್ಲಿ ಗರ್ಭಾಶಯವನ್ನು ಸಂಕೋಚಿಸುವ ಔಷಧ ಕೊಡುವ ರೂಢಿಯೇ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಮುಂದಿನ ಬೆಳವಣಿಗೆ

ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ಸಿಗುವಲ್ಲಿ ಅದಕ್ಕೇ ಮೊದಲ ಸ್ಥಾನ. ಅದು ಸಿಗದ ಕಡೆ ಈ ಮಾತ್ರೆ. ಮಗು ಹುಟ್ಟುವ ಮೊದಲೇ ಇಷ್ಟು ಪ್ರಮಾಣದಲ್ಲಿ ನುಂಗಿದರೆ ಗರ್ಭಾಶಯವೇ ಹರಿಯುವ ಅಪಾಯವಿದೆ. ಆದ್ದರಿಂದ ಹೊಟ್ಟೆಯಲ್ಲಿ ಇನ್ನೊಂದು ಮಗುವಿಲ್ಲವೆಂದು ಖಚಿತಪಡಿಸಿಕೊಂಡೇ ಕೊಡಬೇಕು.

ಬಿಸಿಗೆ ಕೆಡದ ಕಾರ್ಬೆಟೋಸಿನ್ ಚುಚ್ಚುಮದ್ದನ್ನು ಭಾರತವೂ ಸೇರಿದಂತೆ 10 ದೇಶಗಳ ಸುಮಾರು 30,000 ಮಹಿಳೆಯರಲ್ಲಿ ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಹೊರಬಂತು. 500 ಮಿಲಿಲೀಟರ್ ಅಥವಾ ಹೆಚ್ಚಿನ ರಕ್ತಸ್ರಾವವಾದ ಇಲ್ಲವೇ ಗರ್ಭಾಶಯವನ್ನು ಸಂಕೋಚಿಸುವ ಹೆಚ್ಚುವರಿ ಔಷಧ ಬೇಕಾದ ಪ್ರಕರಣಗಳ ಪ್ರಮಾಣ ಕಾರ್ಬೆಟೋಸಿನ್ ಪಡೆದವರಲ್ಲಿ ಶೇ. 14.5, ಆಕ್ಸಿಟೋಸಿನ್ ಪಡೆದವರಲ್ಲಿ ಶೇ. 14.4 ಇತ್ತು. 2019ರಲ್ಲಿ ಇದೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು.