ನಕ್ಷೆಯಲ್ಲಿ ಕಾಣದ ದರೆ

2024ರ ಜೂನ್‌ನಲ್ಲಿ ಕೇರಳದ ವರ್ಕಲದಲ್ಲಿ, ಪಾಪನಾಶಂ ಕಡಲತೀರದ ಬಲಿಮಂಟಪದ ಬಳಿಯ ದರೆಯ ಒಂದು ಭಾಗವನ್ನು ಜಿಲ್ಲಾಡಳಿತ ಯಂತ್ರ ಹಚ್ಚಿ ಕೆಡವಿಸಿತು. ಪಿತೃಕಾರ್ಯಕ್ಕೆ ಬರುವವರ ಮೇಲೆ ಅದು ಜರಿದೀತೆಂಬ ಭಯ ಕಾರಣ. ಅದೇ ದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸಂಸ್ಥೆ ಆಕ್ಷೇಪಿಸಿತು. ಪ್ರಕೃತಿಪ್ರೇಮಿಗಳಿಗೂ ಅಧಿಕಾರಿಗಳಿಗೂ ನಡೆದ ಮಾಮೂಲಿ ಜಟಾಪಟಿ ಎಂದು ಇದನ್ನು ಓದಿದವರೇ ಹೆಚ್ಚು. ನನಗೆ ಇದರಲ್ಲಿ ಕಂಡದ್ದು, ಸಂರಕ್ಷಿತ ಶಿಲೆಗಳ ಕುಸಿತದ ಅಪಾಯ ಅಳೆಯುವ ವಿದ್ಯೆ ನಮ್ಮಲ್ಲಿ ಅರ್ಧಕ್ಕೇ ನಿಂತಿರುವುದು.

ಈ ವಿದ್ಯೆಯಲ್ಲಿ, ಅಮೆರಿಕದ ಭೂವಿಜ್ಞಾನಿ ಡೇವಿಡ್ ವಾರ್ನ್ಸ್ 1958ರಲ್ಲಿ ಕುಸಿತಗಳನ್ನು ವರ್ಗೀಕರಿಸಿದರು, 1978ರಲ್ಲಿ ಅದನ್ನು ಪರಿಷ್ಕರಿಸಿದರು. 1984ರಲ್ಲಿ ಯುನೆಸ್ಕೋಗಾಗಿ ಬರೆದ ಪುಸ್ತಕದಲ್ಲಿ, ಎಲ್ಲಿ ಮತ್ತು ಎಷ್ಟು ಅವಧಿಯಲ್ಲಿ ಕುಸಿಯುವ ಸಂಭವ ಎಂದು ಎರಡನ್ನೂ ಹೇಳಿದರೇ ಅದು ಅಪಾಯದ ಅಂದಾಜು ಎಂದರು. ನಮ್ಮ ಬಹುತೇಕ ನಕ್ಷೆಗಳು ಇಂದಿಗೂ ಮೊದಲನೆಯದನ್ನಷ್ಟೇ ಹೇಳುತ್ತವೆ. ಆರ್. ಅನ್ಬಳಗನ್ 1992ರಲ್ಲಿ ಹಿಮಾಲಯಕ್ಕಾಗಿ ರೂಪಿಸಿದ ಅಂಕಪದ್ಧತಿ ಕುಸಿತದ ನಕ್ಷೆಗಳ 1998ರ ಭಾರತೀಯ ಮಾನಕಕ್ಕೆ ತಳಹದಿಯಾಯಿತು. ಕಲ್ಲಿನ ಬಗೆ, ಇಳಿಜಾರು, ಬಿರುಕಿನ ದಿಕ್ಕು, ನೀರು, ಗಿಡಮರ ಎಲ್ಲಕ್ಕೂ ಅಂಕ. ಒರಟು ವಿಧಾನ ನಿಜ, ಆದರೆ ಅಂಕ ಹಾಕುವವನು ಗುಡ್ಡ ಹತ್ತಲೇಬೇಕಿತ್ತು. 2014ರಿಂದ ಸರ್ವೇಕ್ಷಣಾ ಸಂಸ್ಥೆ ಸುಮಾರು 4.2 ಲಕ್ಷ ಚದರ ಕಿಲೋಮೀಟರ್ ಗುಡ್ಡಗಾಡನ್ನು 1:50,000 ಪ್ರಮಾಣದಲ್ಲಿ ನಕ್ಷೆ ಮಾಡಿತು. ದೊಡ್ಡ ಕೆಲಸ. ತಾಲ್ಲೂಕಿನ ಯೋಜನೆಗೆ ಸಾಕು, ಒಂದು ದರೆಗೆ ಸಾಲದು.

ಈ ನಡುವೆ ಬಂದದ್ದು ಕಂಪ್ಯೂಟರಿನ ಕಾಲ. ಅಂಕಿಸಂಖ್ಯಾ ಮಾದರಿಗಳು ಬಂದವು, ಅವುಗಳ ಬೆನ್ನಿಗೇ ಯಂತ್ರಕಲಿಕೆ. ಈಗ ಉಪಗ್ರಹದ ದತ್ತಾಂಶ ಇಳಿಸಿಕೊಂಡು ಮೇಜಿನ ಮುಂದೆ ಕೂತವರೂ ಕೆಂಪು-ಹಳದಿ-ಹಸಿರಿನ ನಕ್ಷೆ ತೆಗೆದು, ನಿಖರತೆ ಶೇ. 90 ದಾಟಿತೆಂದು ಪ್ರಬಂಧ ಬರೆಯಬಹುದು. (ಬಡ್ತಿಗೆ ಇದು ಒಳ್ಳೆಯದು.) ಪುಕ್ಕಟೆ ಸಿಗುವ ಎತ್ತರದ ದತ್ತಾಂಶದಲ್ಲಿ ಒಂದೊಂದು ಚೌಕ ಸುಮಾರು 30 ಮೀಟರ್. ವರ್ಕಲದ ದರೆ ಹೆಚ್ಚುಕಡಿಮೆ ನೆಟ್ಟಗೆ ನಿಂತದ್ದು. ಮೇಲಿನಿಂದ ನೋಡಿದರೆ ಅದರ ಅಗಲ ಕೆಲವೇ ಮೀಟರ್. ಒಂದು ಚೌಕದೊಳಗೇ ಅದು ಕರಗಿಹೋಗುತ್ತದೆ. ಲೆಕ್ಕಕ್ಕೆ ಸಿಗುವುದು ಕಡಲಿನತ್ತ ಇಳಿಯುವ ಸಾಧಾರಣ ಇಳಿಜಾರು ಮಾತ್ರ.

ದರೆಯ ಬುಡದಲ್ಲಿ ನಿಂತವರಿಗೆ ಬೇರೆಯೇ ಕತೆ ಕಾಣುತ್ತದೆ. ಮೇಲೆ ಮುರಕಲ್ಲಿನ ಟೊಪ್ಪಿಗೆ, ಅದರ ಕೆಳಗೆ ಬಣ್ಣಬಣ್ಣದ ಸಡಿಲ ಮರಳುಗಲ್ಲು, ನಡುನಡುವೆ ಜೇಡಿಯ ಪದರ. ಮಳೆನೀರು ಮೇಲಿನ ಎರಡನ್ನೂ ದಾಟಿ ಇಳಿಯುತ್ತದೆ, ಜೇಡಿ ಸಿಕ್ಕಲ್ಲಿ ತಡೆದು ದರೆಯ ಮುಖದಲ್ಲಿ ಒರತೆಯಾಗಿ ಹೊರಬರುತ್ತದೆ. ಬರುವಾಗ ಮರಳನ್ನೂ ಕೂಡಿಸಿಕೊಂಡು ಬರುತ್ತದೆ. ಒಳಗೆ ಪೊಟರೆಯಾಗಿ ಮುರಕಲ್ಲು ಅಂತರದಲ್ಲಿ ಉಳಿಯುತ್ತದೆ. ಅಂಚಿನ ಹಿಂದೆ ಬಿರುಕು ಮೂಡಿ ಗಡ್ಡೆಗಡ್ಡೆಯಾಗಿ ಕಳಚುತ್ತದೆ. ಮಳೆಗಾಲದ ಅಲೆ ಬುಡದ ಮಣ್ಣನ್ನು ಒಯ್ಯುತ್ತದೆ. ಮೇಲೆ ಸಾಲುಗಟ್ಟಿದ ಹೋಟೆಲುಗಳ ಬಚ್ಚಲುನೀರೂ ಇದೇ ದಾರಿ ಹಿಡಿಯುತ್ತದೆ. ಇದರಲ್ಲಿ ಯಾವುದೂ ಉಪಗ್ರಹದ ಚೌಕಕ್ಕೆ ತಿಳಿಯುವ ವಿಷಯವಲ್ಲ.

ಕನ್ನಡಿಗರು ಹಿಂಡುಹಿಂಡಾಗಿ ಹತ್ತುವ ತಿರುಮಲದ ಘಾಟ್‌ನಲ್ಲಿ ಕತೆ ತಿರುವುಮುರುವು. ಅಲ್ಲಿ ಪ್ರಾಚೀನ ಗ್ರಾನೈಟಿನ ಮೇಲೆ ಕ್ವಾರ್ಟ್‌ಜೈಟ್ ಕೂತಿದೆ. ಎರಡರ ನಡುವಿನ ಗೆರೆಯಲ್ಲಿ ಕೋಟ್ಯಂತರ ವರ್ಷಗಳೇ ಕಾಣೆಯಾಗಿವೆ. ಕಲ್ಲು ಗಟ್ಟಿ, ಆದರೆ ಪದರಗಳನ್ನು ನೆಟ್ಟನೆಯ ಬಿರುಕುಗಳು ಕಡಿದು ಇಟ್ಟಿಗೆಯಂತೆ ತುಂಡು ಮಾಡಿವೆ. 2021ರ ಡಿಸೆಂಬರ್ 1ರಂದು ಬಂಡೆಗಳು ರಸ್ತೆಗೆ ಉರುಳಿದ್ದು ಇಂಥ ಕಡೆಯೇ. ಇಲ್ಲಿ ಕೇಳಬೇಕಾದದ್ದು, ಬಿರುಕು ರಸ್ತೆಯತ್ತ ವಾಲಿದೆಯೋ ಗುಡ್ಡದತ್ತಲೋ ಎಂದು. ಬ್ರಂಟನ್ ಕಂಪಾಸ್ ಹಿಡಿದು ಬಿರುಕಿನ ಓಲು ಅಳೆದು, ಸ್ಪೇನಿನ ಮಾನುಯೆಲ್ ರೊಮಾನಾ 1985ರಲ್ಲಿ ಕೊಟ್ಟ ಸೂತ್ರದಲ್ಲಿ ತೂಗುವುದು ನಮ್ಮ ತಲೆಮಾರಿನ ಪಾಠವಾಗಿತ್ತು. ಅದು ಹಳೆಯದಾಯಿತೆನ್ನುವವರಿಗೆ ನನ್ನ ಒಪ್ಪಿಗೆಯಿಲ್ಲ. ಡ್ರೋನ್ ಆ ಪಾಠಕ್ಕೇ ಹೊಸ ಜೀವ ಕೊಟ್ಟಿತು: ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಗೆದ ನೂರಾರು ಚಿತ್ರಗಳಿಂದ ದರೆಯ ಮುಖ ಸೆಂಟಿಮೀಟರುಗಳ ವಿವರದಲ್ಲಿ ಮೂಡುತ್ತದೆ. ಹಗ್ಗ ಕಟ್ಟಿ ಇಳಿದರೂ ಮುಟ್ಟಲಾಗದ ಬಿರುಕಿನ ಓಲೂ ಸಿಗುತ್ತದೆ. ಎರಡು ಮಳೆಗಾಲಗಳ ಮಾದರಿಗಳನ್ನು ಹೋಲಿಸಿದರೆ ಎಲ್ಲಿಂದ ಎಷ್ಟು ಘನ ಮೀಟರ್ ಬಿತ್ತೆಂದು ಗೊತ್ತಾಗುತ್ತದೆ. ವಾರ್ನ್ಸ್ ಕೇಳಿದ ಅವಧಿಯ ಪ್ರಶ್ನೆಗೆ ಉತ್ತರ ಶುರುವಾಗುವುದು ಇಲ್ಲಿಂದ.

ಭೂಪರಂಪರೆಯವರ, ಎಂದರೆ ಉಳಿಸಬೇಕಾದ ಶಿಲಾತಾಣಗಳನ್ನು ಅಧ್ಯಯನ ಮಾಡುವವರ, ಲೆಕ್ಕ ಬೇರೆಯೇ ಬೆಳೆಯಿತು. ಪೋರ್ಚುಗಲ್‌ನ ಜೋಸೆ ಬ್ರಿಲ್ಯಾ 2016ರಲ್ಲಿ ತಾಣದ ಮೌಲ್ಯದ ಜೊತೆಗೆ ಅದು ಹಾಳಾಗುವ ಅಪಾಯಕ್ಕೂ ಅಂಕ ಕೊಡುವ ಕ್ರಮ ತಂದರು. ಕುಸಿತದ ಅಪಾಯ ಅಳೆಯುವವರು ಅದನ್ನು ಓದಿದಂತಿಲ್ಲ. ನಮ್ಮ ಕೋಷ್ಟಕಗಳಲ್ಲಿ ಮನುಷ್ಯ, ಮನೆ, ರಸ್ತೆಗೆ ಕಾಲಂ ಇದೆ, ಶಿಲೆಗೆ ಇಲ್ಲ. ಸಿಮೆಂಟ್ ಸಿಂಪಡಿಸಿದರೆ ಬಂಡೆ ಬೀಳುವುದು ನಿಲ್ಲಬಹುದು, ಓದಬೇಕಾದ ಗೆರೆಯೂ ಮುಚ್ಚಿಹೋಗುತ್ತದೆ. ಅದಕ್ಕಿಂತ ತೊಡಕಿನದು, ಕಡಲದರೆಯ ಪದರಗಳು ತಾಜಾ ಆಗಿರುವುದೇ ಕುಸಿತದಿಂದ ಎಂಬುದು. 2001ರಲ್ಲಿ ವಿಶ್ವ ಪರಂಪರೆಯಾದ ಇಂಗ್ಲೆಂಡಿನ ಡಾರ್ಸೆಟ್-ಪೂರ್ವ ಡೆವನ್ ಕರಾವಳಿಯವರು ಇದನ್ನು ಒಪ್ಪಿಕೊಂಡು, ದರೆಯನ್ನು ಸವೆಯಲು ಬಿಟ್ಟು ಜನರನ್ನು ದೂರವಿಡುವ ದಾರಿ ಹಿಡಿದರು. 2012ರಲ್ಲಿ ಬರ್ಟನ್ ಬ್ರಾಡ್‌ಸ್ಟಾಕ್‌ನಲ್ಲಿ ಬಂಡೆ ಜರಿದು ಯುವತಿಯೊಬ್ಬಳು ಸತ್ತಳು. ಪುಕ್ಕಟೆಯ ದಾರಿಯಲ್ಲ ಅದು. ನಮ್ಮಲ್ಲಿ ಅಂಥ ಆಯ್ಕೆಯನ್ನು ಎದುರಿಟ್ಟು ಚರ್ಚಿಸಿದ್ದೇ ಕಡಿಮೆ.

2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ವರ್ಕಲ, ತಿರುಮಲ, ಮಹಾಬಲೇಶ್ವರ-ಪಂಚಗಣಿ, ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಸೇರಿದವು. ಜೀವವೈವಿಧ್ಯಕ್ಕಾಗಿ 2012ರಲ್ಲಿ ಪರಂಪರೆಯಾದ ಪಶ್ಚಿಮಘಟ್ಟದಲ್ಲಿ ಶಿಲೆ ಬರೀ ಹಿನ್ನೆಲೆಯಾಗಿತ್ತು. ಇಲ್ಲಿ ಅದೇ ಮುಖ್ಯ. ನಾಮನಿರ್ದೇಶನದ ದಾಖಲೆ ಬರೆಯುವಾಗ ಮಳೆಗಾಲದ ಮೊದಲೊಂದು, ಆಮೇಲೊಂದು ಡ್ರೋನ್ ಸರ್ವೆ ಮಾಡಿಸಿದರೂ ಮುಂದಿನ ಹತ್ತು ವರ್ಷಕ್ಕೆ ಅಳತೆಗೋಲು ಸಿಗುತ್ತದೆ. ಅಳೆದದ್ದನ್ನು ಯಾರು ಕೇಳಬೇಕೆಂಬುದು ಬೇರೆ ಮಾತು. ಭೂಪರಂಪರೆ ತಾಣಗಳ ಕರಡು ಮಸೂದೆ 2022ರ ಡಿಸೆಂಬರ್‌ನಲ್ಲಿ ಹೊರಬಂತು, ಕಾಯ್ದೆಯಾಗಲಿಲ್ಲ. ವಿಪತ್ತು ನಿರ್ವಹಣೆಗೆ 2005ರಿಂದಲೂ ಕಾಯ್ದೆ ಇದೆ. ಹಾಗಾಗಿ ದರೆ ಉಳಿಯಬೇಕೋ ಬೀಳಬೇಕೋ ಎಂದಾಗ ಕೊನೆಯ ಸಹಿ ಜಿಲ್ಲಾಧಿಕಾರಿಯದು, ಭೂವಿಜ್ಞಾನಿಯದ್ದು ಬರೀ ಅಭಿಪ್ರಾಯ.